ಅಪ್ಪನ ಜೀಪಿಗೆ ಕುಗ್ಗುವ ಸ್ಟೀರಿಂಗ್ ಕಾಲಮ್

ಹೋದ ಜನವರಿಯಲ್ಲಿ ತೊಗರಿಯನ್ನು ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಗೆ ಹಾಕಿ ಬಂದ ರಾತ್ರಿ ಅಪ್ಪ ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದರು. ಬಲ ಭುಜ ಮೇಲಕ್ಕೆ ಏಳುತ್ತಿರಲಿಲ್ಲ. ಗಂಜಿನೊಳಗೆ ಲಾರಿ, ಟ್ರ್ಯಾಕ್ಟರ್, ಹಮಾಲರ ಕೈಗಾಡಿಗಳ ನಡುವೆ ಚೀಲ ತುಂಬಿದ ಜೀಪನ್ನು ನಿಂತಲ್ಲೇ ತಿರುಗಿಸಿ ತಿರುಗಿಸಿ ತಂದುಕೊಂಡ ನೋವು ಅದು. ಭುಜದ ಕೀಲು ಹಿಡಿದಿದೆ, ಭಾರ ಎಳೆಯುವ ಕೆಲಸ ಬೇಡ ಎಂದರು ಡಾಕ್ಟರು. ಅಪ್ಪನಿಗೆ ಅರವತ್ತೆಂಟು. ಜೀಪ್ ಓಡಿಸುವುದನ್ನು ಬಿಡಿ ಎಂದು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಹಾಗೆ ಹೇಳುವ ಮನಸ್ಸೂ ಇರಲಿಲ್ಲ. 1994ರಲ್ಲಿ ಅವರು ಎರಡನೆಯ ಕೈಯಲ್ಲಿ ಕೊಂಡ ಜೀಪದು. ನಾನು ಕ್ಲಚ್ ಎಂದರೇನು ಎಂದು ಕಲಿತದ್ದು ಅದರ ಮೇಲೆ, ಫರಹತಾಬಾದಿನ ಆಚೆಗಿರುವ ನಮ್ಮ ಎರಿ ಹೊಲದಲ್ಲಿ.

ಎತ್ತರದ ಬಾನೆಟ್ಟಿನ ಹಳೆಯ ಮಹೀಂದ್ರಾ ಜೀಪ್, ಸಿಜೆ 3ಬಿ. ಮೊದಲಿನ ಮಾಲೀಕರೇ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿ ಆರ್‌ಸಿಯಲ್ಲಿ ಬರೆಸಿದ್ದರು. ಡೀಸೆಲ್ ಎಂಜಿನ್ ಭಾರ, ಅದೆಲ್ಲವೂ ಮುಂದಿನ ಗಾಲಿಗಳ ಮೇಲೆ. ಸ್ಟೀರಿಂಗ್ ಮಾತ್ರ ಪೆಟ್ರೋಲ್ ಕಾಲದ್ದೇ ಉಳಿದಿತ್ತು. ಅದಕ್ಕೆ ಪವರ್ ಸ್ಟೀರಿಂಗ್ ಹಾಕುವುದು ಎಂದು ನಿಶ್ಚಯಿಸಿದೆವು.

ಈ ಕೆಲಸವನ್ನು ಮಾಡಿಸಿದ ನಾಲ್ಕಾರು ಜನರನ್ನು ಮೊದಲು ಕಂಡು ಬಂದೆ. ಎಲ್ಲರ ಮಾತೂ ಎಣ್ಣೆಯ ಒತ್ತಡ ಕೊಡುವ ಪಂಪ್ ಯಾವುದು, ಗಾಲಿಗಳನ್ನು ತಿರುಗಿಸುವ ಸ್ಟೀರಿಂಗ್ ಬಾಕ್ಸ್ ಯಾವುದು, ಬೆಲ್ಟ್ ಎಲ್ಲಿಂದ ಎಂಬುದರ ಸುತ್ತಲೇ. ಸ್ಟೀರಿಂಗ್ ಚಕ್ರದಿಂದ ಬಾಕ್ಸಿನ ಕಡೆಗೆ ಇಳಿಯುವ ಕಾಲಮ್ ಬಗ್ಗೆ ಕೇಳಿದರೆ, "ಅದೇನು, ಒಂದು ರಾಡು. ಲೇತಿನಲ್ಲಿ ಕಡಿದು ವೆಲ್ಡ್ ಹೊಡೆಸಿದರೆ ಆಯಿತು" ಎನ್ನುತ್ತಿದ್ದರು. ಆರು ವಾರಾಂತ್ಯ ಹಿಡಿದ ಈ ಕೆಲಸದಲ್ಲಿ ನಾಲ್ಕು ವಾರಾಂತ್ಯ ಆ ರಾಡಿಗೇ ಹೋದವು. ಹೋದದ್ದು ಸರಿಯೇ ಎಂದು ಈಗಲೂ ನನ್ನ ಖಚಿತ ಅಭಿಪ್ರಾಯ. ಓಡಿಸುವವನ ಎದೆಗೂ ರಸ್ತೆಗೂ ನಡುವೆ ಇರುವ ಸಾಮಾನು ಅದು. ಹಾಗಾಗಿ ಪಂಪಿನ ಕಥೆಯನ್ನು ಇಲ್ಲಿ ಚುಟುಕಾಗಿ ಮುಗಿಸಿ ಕಾಲಮ್ ಬಗ್ಗೆಯೇ ಬರೆಯುತ್ತೇನೆ.

ಹಳೆಯದನ್ನು ಬಿಚ್ಚಿದ್ದು

ಈ ಜೀಪುಗಳ ಮೂಲ ಸ್ಟೀರಿಂಗ್ ಕ್ಯಾಮ್ ಮತ್ತು ಲಿವರ್ ಮಾದರಿಯದು. ಬಾಕ್ಸಿನೊಳಗೆ ತಿರುಚಿದ ಕಾಲುವೆಯಂತಹ ತೋಡು ಇರುವ ಒಂದು ಕ್ಯಾಮ್, ಆ ತೋಡಿನಲ್ಲಿ ಓಡಾಡುವ ಗೂಟವಿರುವ ಒಂದು ಲಿವರ್. ಗೂಟ ಸವೆದಷ್ಟೂ ಆಟ, ಅಂದರೆ ಸಡಿಲು, ಹೆಚ್ಚುತ್ತದೆ. ನಮ್ಮದರಲ್ಲಿ ಸ್ಟೀರಿಂಗ್ ಚಕ್ರ ನಾಲ್ಕು ಬೆರಳು ತಿರುಗಿದ ಮೇಲೆ ಗಾಲಿ ಅಲುಗುತ್ತಿತ್ತು.

ಬಿಚ್ಚುವ ಮೊದಲೇ ನನಗೆ ತಿಳಿದಿದ್ದರೂ ಕಣ್ಣಾರೆ ನೋಡಿದಾಗ ಎದೆ ಝಲ್ಲೆಂದದ್ದು ಒಂದು ಸಂಗತಿಗೆ. ಆ ಕ್ಯಾಮ್ ಮತ್ತು ಸ್ಟೀರಿಂಗ್ ಚಕ್ರ ಕೂರುವ ಶಾಫ್ಟ್ ಎರಡೂ ಒಂದೇ ತುಂಡು. ನಡುವೆ ಜೋಡಣೆ ಇಲ್ಲ, ಕ್ರಾಸ್ (ಬಾಗಿದ ಕೋನದಲ್ಲೂ ತಿರುಗುವ ಯೂನಿವರ್ಸಲ್ ಜಾಯಿಂಟ್) ಇಲ್ಲ, ರಬ್ಬರ್ ಇಲ್ಲ. ಚಕ್ರವನ್ನು ಎಳೆದು ತೆಗೆಯುವ ಪುಲ್ಲರ್ ಹಾಕಿ ಬಿಚ್ಚಿ, ಡ್ಯಾಶಿನ ಕ್ಲ್ಯಾಂಪ್ ಸಡಿಲಿಸಿ, ಕಾಲಡಿಯ ತಗಡು ಬಿಚ್ಚಿ, ಮುಂಭಾಗವನ್ನು ಜಾಕಿಯ ಮೇಲೆ ಎತ್ತಿ ಬಾಕ್ಸನ್ನು ಕೆಳಗಿನಿಂದ ಎಳೆದಾಗ ಒಂದು ಮೀಟರ್ ಮೀರಿದ ಉಕ್ಕಿನ ಸರಳು ಇಡಿಯಾಗಿ ಹೊರಬಂತು. ಶೆಡ್ಡಿನ ಶಹಾಬಾದಿ ಕಲ್ಲಿನ ನೆಲದ ಮೇಲೆ ಅದನ್ನು ಮಲಗಿಸಿದೆ. ಒಂದು ತುದಿಯಲ್ಲಿ ಬಾಕ್ಸ್, ಅದು ಕೂರುವುದು ಬಂಪರಿನ ಹಿಂದೆಯೇ, ಚಾಸಿಯ ಮೂತಿಯಲ್ಲಿ. ಇನ್ನೊಂದು ತುದಿ ನೇರವಾಗಿ ಅಪ್ಪನ ಎದೆಯ ಕಡೆಗೆ. ಮುಂದೆ ಏನಾದರೂ ಬಡಿದು ಚಾಸಿ ಒಳಗೆ ಸರಿದರೆ ಈ ಸರಳಿಗೆ ಹೋಗಲು ಬೇರೆ ದಾರಿಯೇ ಇಲ್ಲ. ಮೂವತ್ತು ವರ್ಷ ಅವರು ಇದರ ಎದುರು ಕುಳಿತು ಓಡಿಸಿದ್ದರು. ಪಕ್ಕದಲ್ಲಿ ಅವ್ವ, ಹಿಂದೆ ನಾವು.

ಡಿಕ್ಕಿಯಲ್ಲಿ ಕುಗ್ಗುವ ಕಾಲಮ್ ಹೊಸ ವಿಚಾರವೇನಲ್ಲ. ಅಮೆರಿಕದಲ್ಲಿ 1968ರಿಂದಲೇ ಕಾರುಗಳಿಗೆ ಅದು ಕಡ್ಡಾಯ. ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದಾಗ ಕಾಲಮ್ ಹಿಂದಕ್ಕೆ 127 ಮಿಲಿಮೀಟರಿಗಿಂತ ಹೆಚ್ಚು ಬರಬಾರದು ಎಂಬುದು ಅಲ್ಲಿನ ನಿಯಮ. ನಮ್ಮ ಜೀಪಿನ ವಿನ್ಯಾಸ ಅದಕ್ಕಿಂತ ಹಳೆಯದು. ಕೇವಲ ಕೈಗೆ ಹಗುರವಾಗಲಿ ಎಂದು ಶುರು ಮಾಡಿದ್ದ ಕೆಲಸದ ಉದ್ದೇಶ ಆ ಸಂಜೆಯಿಂದ ನನ್ನ ಮಟ್ಟಿಗೆ ಎರಡಾಯಿತು.

ಗುಜರಿಯಲ್ಲಿ

ಮುಂದಿನ ಆಕ್ಸಲ್ ನಮ್ಮಂತೆಯೇ ಪಟ್ಟಿ ಸ್ಪ್ರಿಂಗಿನ ಮೇಲೆ ಕುಳಿತಿರುವ ಪಿಕಪ್ ಗಾಡಿಯ ಬಾಕ್ಸ್ ಮತ್ತು ಕಾಲಮ್ ಹುಡುಕಿದೆ. ಅಂತಹ ಗಾಡಿಯ ಡ್ರಾಪ್ ಆರ್ಮ್, ಅಂದರೆ ಬಾಕ್ಸಿನಿಂದ ಕೆಳಗೆ ಇಳಿಬಿದ್ದ ತೋಳು, ಹಿಂದೆ ಮುಂದೆ ತೂಗುತ್ತದೆ, ಜೀಪಿನಲ್ಲೂ ಹಾಗೆಯೇ. ಆದ್ದರಿಂದ ಆ ತೋಳಿನಿಂದ ಆಕ್ಸಲ್ ಬಳಿಯ ಬೆಲ್ ಕ್ರ್ಯಾಂಕ್ ಎಂಬ ಸನ್ನೆಯವರೆಗೆ ಹೋಗುವ ಸರಳು, ಡ್ರ್ಯಾಗ್ ಲಿಂಕಿನ ದಿಕ್ಕು ಬದಲಾಗುವುದಿಲ್ಲ. ಈ ದಿಕ್ಕನ್ನು ಮೊದಲೇ ನೋಡಿಕೊಳ್ಳದೆ ಬಾಕ್ಸ್ ತಂದರೆ, ಬಲಕ್ಕೆ ತಿರುಗಿಸಿದಾಗ ಗಾಲಿ ಎಡಕ್ಕೆ ಹೋಗುವ ಅಪಾಯವಿದೆ.

ಹುಮನಾಬಾದ್ ರಸ್ತೆಯ ಕಡೆಯ ಒಂದು ಗುಜರಿಯಲ್ಲಿ ಅಂತಹ ಮೂರು ಗಾಡಿಗಳಿದ್ದವು. ಮೊದಲನೆಯದರ ಚಕ್ರ ಬಿಚ್ಚಲು ಅಲ್ಲಿನ ಹುಡುಗ ನಟ್ ಸಡಿಲಿಸಿ ಶಾಫ್ಟಿನ ತಲೆಗೆ ಹೊಡೆಯಲು ಸುತ್ತಿಗೆ ಎತ್ತಿದ. ಹಳೆಯ ಗಾಡಿಗಳಲ್ಲಿ ಎಲ್ಲರೂ ಹಾಗೆಯೇ ತೆಗೆಯುತ್ತಾರೆ. ಅವನ ಕೈ ಹಿಡಿದು ನಿಲ್ಲಿಸಿದೆ. ಕುಗ್ಗುವ ಕಾಲಮ್ಮಿನ ಒಳ ಶಾಫ್ಟ್ ಎರಡು ತುಂಡಾಗಿ ಒಂದರೊಳಗೊಂದು ಕೂತಿರುತ್ತದೆ. ಅವೆರಡನ್ನು ಹಿಡಿದಿರುವುದು ಸಣ್ಣ ಪ್ಲಾಸ್ಟಿಕ್ ಗೂಟಗಳು. ಡಿಕ್ಕಿಯ ಹೊಡೆತಕ್ಕೆ ಅವು ಮುರಿದು ಶಾಫ್ಟ್ ಒಳಗೆ ಜಾರಬೇಕು ಎಂಬುದೇ ಯೋಜನೆ. ಮೇಲಿನಿಂದ ನಾಲ್ಕು ಸುತ್ತಿಗೆ ಪೆಟ್ಟು ಬಿದ್ದರೆ ಗೂಟಗಳು ಅಲ್ಲೇ ಮುರಿಯುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾನು ಪುಲ್ಲರ್ ಒಯ್ದಿದ್ದೆ, ಅದರಿಂದಲೇ ತೆಗೆದೆವು.

ಬಿಚ್ಚಿದ ಮೇಲೆ ಮೂರೂ ಕಾಲಮ್‌ಗಳನ್ನು ಸಾಲಾಗಿ ಇಟ್ಟು ಅಳೆದೆ. ಮೇಲಿನ ಬೇರಿಂಗಿನ ಅಂಚಿನಿಂದ ಕೆಳಗಿನ ಸ್ಪ್ಲೈನಿನ (ಶಾಫ್ಟಿನ ಮೈಮೇಲಿನ ಹಲ್ಲುಗಳ) ತುದಿಯವರೆಗೆ ಎರಡು ಕಾಲಮ್ ಒಂದೇ ಅಳತೆ ಕೊಟ್ಟವು, ಮೂರನೆಯದು 8 ಮಿಲಿಮೀಟರ್ ಗಿಡ್ಡ. ಆ ಗಾಡಿಯ ಮುಂದಿನ ಗಾಜು ಇರಲಿಲ್ಲ, ರೇಡಿಯೇಟರ್ ಪಟ್ಟಿ ಬಾಗಿತ್ತು. ಅಂದರೆ ಆ ಕಾಲಮ್ ತನ್ನ ಕೆಲಸವನ್ನು ಒಮ್ಮೆ ಮಾಡಿ ಮುಗಿಸಿದೆ. ಅಂಗಡಿಯವರು ಅದನ್ನೇ ಕಡಿಮೆ ಬೆಲೆಗೆ ಕೊಡುತ್ತೇನೆಂದರು, ಬೇಡವೆಂದೆ. ಉಳಿದ ಎರಡರಲ್ಲಿ ಡ್ಯಾಶಿಗೆ ಕೂರುವ ಬ್ರ್ಯಾಕೆಟ್ಟಿನ ಜಾರುವ ಕ್ಲಿಪ್‌ಗಳು ಜಾಗ ಬಿಟ್ಟು ಕದಲದೇ ಇದ್ದದ್ದನ್ನು ಆರಿಸಿದೆ. ಕಾಲಮ್, ಚಕ್ರ, ಕಾಲಮ್ಮಿಗೂ ಬಾಕ್ಸಿಗೂ ನಡುವಿನ ಶಾಫ್ಟ್, ಅದರ ಎರಡು ತುದಿಯ ಎರಡು ಕ್ರಾಸ್ ಸೇರಿ 2,800 ರೂಪಾಯಿ. ಬಾಕ್ಸ್, ಪಂಪ್, ಹೋಸ್ ಪೈಪು, ಎಣ್ಣೆ ಡಬ್ಬಿಗೆ ಬೇರೆ 14,000.

ಅಪ್ಪನಿಗೆ ಹಳೆಯ ದೊಡ್ಡ ಚಕ್ರವೇ ಬೇಕಿತ್ತು. ಅದರ ಸ್ಪ್ಲೈನ್ ಹೊಸ ಶಾಫ್ಟಿಗೆ ಹೊಂದುವುದಿಲ್ಲ. ಹಳೆಯ ಚಕ್ರದ ಗುಬುಟನ್ನು ಕೊರೆದು ಹೊಸದನ್ನು ವೆಲ್ಡ್ ಮಾಡಿ ಕೊಡುತ್ತೇನೆ ಎಂದವರಿದ್ದರು. ಅಪ್ಪನೇ, "ಬೇಡಪ್ಪ, ಕೈಯಲ್ಲಿ ಹಿಡಿಯುವುದಕ್ಕೆ ಬೆಸುಗೆ ಬೇಡ" ಎಂದರು.

ಕೂರಿಸಿದ್ದು

ಬಾಕ್ಸನ್ನು ಚಾಸಿಯ ಬಲಪಟ್ಟಿಗೆ 8 ಮಿಲಿಮೀಟರ್ ದಪ್ಪದ ಪ್ಲೇಟ್ ಕೊಟ್ಟು ಹಾಕಿದೆವು. ಪಟ್ಟಿಯ ಎರಡು ಗೋಡೆಗಳ ನಡುವೆ ಬೋಲ್ಟ್ ಹಾಯುವ ಕಡೆಯಲ್ಲೆಲ್ಲ ದಪ್ಪ ಪೈಪಿನ ತುಂಡುಗಳನ್ನು ತೂರಿಸಿ ವೆಲ್ಡ್ ಮಾಡಿಸಿದೆ. ಇಲ್ಲದಿದ್ದರೆ ಬೋಲ್ಟ್ ಬಿಗಿದಂತೆ ಪಟ್ಟಿ ಒಳಗೆ ಅಮುಕಿಕೊಳ್ಳುತ್ತದೆ. ಒಂದು ವರ್ಷದಲ್ಲಿ ಸಡಿಲವಾಗಿ ಬಾಕ್ಸೇ ಅಲುಗಲು ಶುರುವಾಗುತ್ತದೆ. ಇದನ್ನು ಕಪನೂರು ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಉಳಿದದ್ದೆಲ್ಲ ಮನೆಯ ಶೆಡ್ಡಿನಲ್ಲಿ, ನಾನು ಮತ್ತು ಚಾಚಾ. ಚಾಚಾ ನಲವತ್ತು ವರ್ಷ ಜೀಪ್ ಮಿಸ್ತ್ರಿಯಾಗಿದ್ದವರು. ಈಗ ಕಣ್ಣು ಮಂಜಾದ ಕಾರಣ ಅಂಗಡಿ ಬಿಟ್ಟಿದ್ದಾರೆ. ಬೆರಳುಗಳು ಮಾತ್ರ ಇನ್ನೂ ಎಲ್ಲವನ್ನೂ ನೋಡುತ್ತವೆ.

ಡ್ಯಾಶಿನ ಕಡೆ ನೋಡಿದರೆ ಜೀಪಿನಲ್ಲಿ ಇರುವುದು ಬರೀ ತಗಡು. ಹಳೆಯ ಸರಳಿನ ಭಾರವನ್ನೆಲ್ಲ ಕೆಳಗೆ ಬಾಕ್ಸೇ ಹೊರುತ್ತಿತ್ತು, ಡ್ಯಾಶಿನ ಕ್ಲ್ಯಾಂಪ್ ಸುಮ್ಮನೆ ಹಿಡಿದುಕೊಂಡಿತ್ತು. ಹೊಸ ಕಾಲಮ್ ಹಾಗಲ್ಲ. ಅದರ ಕೆಳತುದಿ ಕ್ರಾಸಿನಿಂದ ತೂಗುತ್ತದೆ, ಆದ್ದರಿಂದ ಕಾಲಮ್ಮನ್ನು ಪೂರ್ತಿ ಬಾಡಿಯೇ ಹಿಡಿಯಬೇಕು. ಡ್ಯಾಶಿನ ಹಿಂದೆ ಈ ಬದಿಯಿಂದ ಆ ಬದಿಗೆ 32 ಮಿಲಿಮೀಟರ್ ಹೊರವ್ಯಾಸದ, 3 ಮಿಲಿಮೀಟರ್ ದಪ್ಪದ ಪೈಪನ್ನು ಅಡ್ಡ ಹಾಕಿ, ಎರಡೂ ತುದಿಯನ್ನು ಬಾಡಿಯ ಕಂಬಗಳಿಗೆ ಬೋಲ್ಟಿನಿಂದ ಬಿಗಿದೆ. ಆ ಪೈಪಿಗೆ ವೆಲ್ಡ್ ಮಾಡಿದ ಎರಡು ಕಿವಿಗಳಿಗೆ ಕಾಲಮ್ಮಿನ ಬ್ರ್ಯಾಕೆಟ್ ಕೂರುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಆ ಬ್ರ್ಯಾಕೆಟ್ಟಿನ ಬೋಲ್ಟ್ ತೂತುಗಳು ಹಿಂಬದಿಗೆ ಬಾಯಿ ತೆರೆದಿರುತ್ತವೆ. ಅವುಗಳಲ್ಲಿ ಅಲ್ಯುಮಿನಿಯಂ ಕ್ಲಿಪ್ ಕೂತಿರುತ್ತದೆ. ಚಾಲಕನ ಎದೆ ಚಕ್ರಕ್ಕೆ ಬಡಿದಾಗ ಬ್ರ್ಯಾಕೆಟ್ ಆ ಕ್ಲಿಪ್ಪಿನಿಂದ ಕಳಚಿಕೊಂಡು ಮುಂದಕ್ಕೆ ಸರಿಯಬೇಕು. ಆಗ ಮಾತ್ರ ಕಾಲಮ್ ಕುಗ್ಗಲು ಸಾಧ್ಯ. ನಾನು ನೋಡಿದ ಎರಡು ಜೀಪುಗಳಲ್ಲಿ, ಗಟ್ಟಿಯಾಗಿರಲಿ ಎಂದು ಆ ಬ್ರ್ಯಾಕೆಟ್ಟನ್ನು ಸುತ್ತಲೂ ವೆಲ್ಡ್ ಹೊಡೆದುಬಿಟ್ಟಿದ್ದರು. ಹಣ ಕೊಟ್ಟು ಕುಗ್ಗುವ ಕಾಲಮ್ ತಂದು ಮತ್ತೆ ಸರಳನ್ನೇ ಮಾಡಿಕೊಂಡ ಹಾಗಾಯಿತು. ನಾನು ಬೋಲ್ಟನ್ನೇ ಹಾಕಿದೆ, ಬ್ರ್ಯಾಕೆಟ್ ಸರಿಯುವ ದಾರಿಯಲ್ಲಿ ವೈರು, ಪೈಪು ಯಾವುದೂ ಅಡ್ಡ ಬರದಂತೆ ನೋಡಿಕೊಂಡೆ.

ಮೂಲ ಗಾಡಿಯ ಇಗ್ನಿಷನ್ ಲಾಕ್ ಕಾಲಮ್ಮಿನ ಮೇಲೆಯೇ ಇತ್ತು, ಕೀಲಿ ಇರಲಿಲ್ಲ. ಲಾಕಿನ ಒಳಗೆ ಒಂದು ಗೂಟ ಶಾಫ್ಟಿನ ಕಚ್ಚಿಗೆ ಬಿದ್ದು ಸ್ಟೀರಿಂಗ್ ಕಟ್ಟುತ್ತದೆ. ಗೂಟವನ್ನು ಹೇಗೋ ಹಿಂದಕ್ಕೆ ಎಳೆದಿಟ್ಟು ಲಾಕನ್ನು ಹಾಗೆಯೇ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ತಗ್ಗಿನಲ್ಲಿ ಒಂದು ಕುಲುಕಿಗೆ ಅದು ಜಾರಿ ಬಿದ್ದರೆ ಜೇವರ್ಗಿ ರಸ್ತೆಯಲ್ಲಿ ಎದುರಿಗೆ ಸಿಮೆಂಟ್ ಲಾರಿ ಬರುತ್ತಿರುತ್ತದೆ. ಲಾಕನ್ನು ಇಡಿಯಾಗಿ ತೆಗೆದೆ. ಅದನ್ನು ಹಿಡಿದಿದ್ದ ಬೋಲ್ಟ್‌ಗಳ ತಲೆ ಕಂಪನಿಯಲ್ಲಿ ಬಿಗಿಯುವಾಗಲೇ ಮುರಿದು ಬೀಳುವಂಥವು, ಪಾನಾ ಹಿಡಿಯಲು ಏನೂ ಇರುವುದಿಲ್ಲ. ಮೊನಚು ಉಳಿಯಿಂದ ಅಂಚಿಗೆ ಸಣ್ಣ ಕಚ್ಚು ಮಾಡಿ, ಎಡಕ್ಕೆ ಓರೆಯಾಗಿ ಮೆಲ್ಲಗೆ ತಟ್ಟುತ್ತ ಅರ್ಧ ಗಂಟೆಯಲ್ಲಿ ಎರಡನ್ನೂ ತಿರುಗಿಸಿದೆ. ಆ ತಟ್ಟುವಿಕೆಯ ಪೆಟ್ಟು ಶಾಫ್ಟಿನ ಉದ್ದಕ್ಕೆ ಬೀಳದಂತೆ ಕಾಲಮ್ಮನ್ನು ಮರದ ತುಂಡುಗಳ ಮೇಲೆ ಅಡ್ಡಲಾಗಿ ಮಲಗಿಸಿದ್ದೆ. ಕೀಲಿ ಮೊದಲಿನಂತೆ ಡ್ಯಾಶಿನಲ್ಲಿಯೇ ಉಳಿಯಿತು.

ನಡುವಿನ ಶಾಫ್ಟ್ ಮೊದಲ ಅಳತೆಯಲ್ಲಿ 40 ಮಿಲಿಮೀಟರ್ ಕಡಿಮೆ ಬಿತ್ತು. ಲೇತಿನವರು ಮತ್ತೆ ಅದೇ ಮಾತು: ಕಡಿದು, ನಡುವೆ ತುಂಡು ಸೇರಿಸಿ ವೆಲ್ಡ್. ಸ್ಟೀರಿಂಗ್ ಶಾಫ್ಟಿಗೆ ಬೆಸುಗೆ ಹಾಕಬಾರದು. ಆ ಉಕ್ಕಿಗೆ ಕೊಟ್ಟ ಹದ ಬೆಸುಗೆಯ ಕಾವಿಗೆ ಕೆಡುತ್ತದೆ, ಬೆಸುಗೆಯ ಅಂಚಿನಲ್ಲಿ ಬಿರುಕು ಒಳಗೊಳಗೇ ಬೆಳೆಯುತ್ತದೆ, ಮುರಿಯುವ ದಿನ ಮುನ್ಸೂಚನೆ ಇಲ್ಲದೆ ಮುರಿಯುತ್ತದೆ. ಶಾಫ್ಟನ್ನು ಮುಟ್ಟದೆ ಕಾಲಮ್ಮನ್ನೇ ಕೆಳಗಿಳಿಸಿದೆ. ಅಡ್ಡ ಪೈಪಿನ ಕಿವಿಗಳನ್ನು ಕಡಿದು ಹೊಸದಾಗಿ 50 ಮಿಲಿಮೀಟರ್ ಮುಂದಕ್ಕೆ ಹಾಕಿದೆ. ಚಕ್ರ ಅಪ್ಪನಿಂದ ತುಸು ದೂರವಾಯಿತು, ಮೊಣಕಾಲಿಗೆ ಜಾಗ ಸಿಕ್ಕಿತು. ಸೀಟನ್ನು ಎರಡು ತೂತು ಮುಂದೆ ತಂದೆ. ಹೆಚ್ಚಾಗಿ ಸಿಕ್ಕ 10 ಮಿಲಿಮೀಟರನ್ನು ನಡುವಿನ ಶಾಫ್ಟಿನ ಜಾರುವ ಸ್ಪ್ಲೈನಿಗೆ ಬಿಟ್ಟೆ. ಬಾಡಿ ಚಾಸಿಯ ಮೇಲೆ ರಬ್ಬರಿನ ಗಟ್ಟಿಗಳ ಮೇಲೆ ಕೂತಿರುತ್ತದೆ. ಹೊಲದ ಬದು ಹತ್ತುವಾಗ ಎರಡೂ ಬೇರೆ ಬೇರೆಯಾಗಿ ತಿರುಚಿಕೊಳ್ಳುತ್ತವೆ. ಆ ಜಾರು ಇಲ್ಲದಿದ್ದರೆ ಒತ್ತಡವೆಲ್ಲ ಕಾಲಮ್ಮಿನ ಬೇರಿಂಗಿನ ಮೇಲೆ ಬೀಳುತ್ತದೆ.

ಕ್ರಾಸನ್ನು ಶಾಫ್ಟಿಗೆ ಕಚ್ಚಿ ಹಿಡಿಯುವ ಬೋಲ್ಟ್‌ಗಳನ್ನು ಹೊಸದಾಗಿ ತಂದೆ, 8 ಮಿಲಿಮೀಟರ್, ತಲೆಯ ಮೇಲೆ ಗಟ್ಟಿತನದ ದರ್ಜೆ 8.8 ಎಂದು ಒತ್ತಿರುವವು, ಲಾಕ್ ನಟ್ ಸಮೇತ. ಸ್ಪ್ಲೈನಿನ ಮೇಲೆ ಅಡ್ಡಲಾಗಿ ಒಂದು ತೋಡು ಇರುತ್ತದೆ, ಬೋಲ್ಟ್ ಅದರೊಳಗೆ ಹಾಯ್ದು ಹೋಗಬೇಕು. ಆಗ ನಟ್ ಸಡಿಲವಾದರೂ ಕ್ರಾಸ್ ಕಳಚಿ ಬರುವುದಿಲ್ಲ. ಬೋಲ್ಟ್ ಸರಾಗವಾಗಿ ಬೆರಳಿನಿಂದಲೇ ಒಳಗೆ ಹೋದರೆ ಜಾಗ ಸರಿ ಇದೆ ಎಂದರ್ಥ. ಹೊಡೆದು ನುಗ್ಗಿಸಬೇಕಾದರೆ ಕ್ರಾಸ್ ಮೇಲೆಯೋ ಕೆಳಗೆಯೋ ಇದೆ, ತೆಗೆದು ಮತ್ತೆ ಕೂರಿಸಬೇಕು. ಟಾರ್ಕ್ ಪಾನಾದಿಂದ 25 ನ್ಯೂಟನ್ ಮೀಟರಿಗೆ ಬಿಗಿದು, ನಟ್ಟಿನಿಂದ ಕ್ರಾಸಿನ ಮೇಲಕ್ಕೆ ಹಳದಿ ಬಣ್ಣದ ಒಂದು ಗೆರೆ ಎಳೆದೆ.

ಪಂಪನ್ನು ಎಂಜಿನ್ನಿನ ಪಕ್ಕ ಬ್ರ್ಯಾಕೆಟ್ ಮಾಡಿ ಬೆಲ್ಟಿಗೆ ಸೇರಿಸಿದ್ದು ಒಂದೇ ಭಾನುವಾರದ ಕೆಲಸ. ಎಣ್ಣೆ ತುಂಬಿ, ಮುಂದಿನ ಗಾಲಿ ಎತ್ತಿ, ಎಂಜಿನ್ ಆಫ್ ಇರುವಾಗಲೇ ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿ ಗಾಳಿ ತೆಗೆದೆವು. ಆಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಹತ್ತು ಸಲ. ಆಕ್ಸಲ್ಲಿನ ಸ್ಟಾಪರ್ ಬೋಲ್ಟ್‌ಗಳು ಬಾಕ್ಸಿನ ಒಳಗಿನ ಕೊನೆಗಿಂತ ಮೊದಲೇ ತಾಗುವಂತೆ ಹೊಂದಿಸಿದ್ದನ್ನು ಬಿಟ್ಟರೆ ಅದರಲ್ಲಿ ಹೇಳುವಂಥದ್ದು ಇನ್ನೇನೂ ಇಲ್ಲ.

ಭಾರ, ಹಗುರ, ಭಾರ, ಹಗುರ

ಏಪ್ರಿಲ್ ಕೊನೆ. ಮಧ್ಯಾಹ್ನ 42 ಡಿಗ್ರಿ. ಶೆಡ್ಡಿನ ತಗಡು ಬಾಣಲೆಯಂತೆ ಕಾದಿತ್ತು. ಸಂಜೆ ಇಳಿದ ಮೇಲೆ ಮೊದಲ ಸಲ ಜೀಪನ್ನು ಅಂಗಳದಲ್ಲಿ ತಿರುಗಿಸಿದೆ. ನಿಂತಲ್ಲೇ ಎರಡು ಬೆರಳಿಗೆ ತಿರುಗಿತು. ಅಪ್ಪ ನೋಡುತ್ತಿದ್ದರು. ಆದರೆ ನನ್ನ ಕೈಗೆ ಏನೋ ಸರಿ ಇಲ್ಲ ಎನ್ನಿಸಿತು. ಚಕ್ರ ಒಮ್ಮೆ ಹಗುರವಾಗಿ ಓಡುತ್ತದೆ, ಒಮ್ಮೆ ಹಿಡಿದಂತಾಗುತ್ತದೆ, ಮತ್ತೆ ಓಡುತ್ತದೆ. ರಸ್ತೆಗೆ ಹೋದಾಗ ಅದು ಇನ್ನಷ್ಟು ಸ್ಪಷ್ಟವಾಯಿತು. ನೇರ ಹೋಗುವಾಗ ಎಡಕ್ಕೆ ಸ್ವಲ್ಪ ತಿದ್ದಿದರೆ ಒಂದು ರೀತಿ, ಬಲಕ್ಕೆ ತಿದ್ದಿದರೆ ಇನ್ನೊಂದು ರೀತಿ.

ಗಾಳಿ ಉಳಿದಿದೆ ಎಂದುಕೊಂಡು ಮತ್ತೆ ಎಣ್ಣೆ ತೆಗೆದು ತುಂಬಿದೆ. ಬೆಲ್ಟ್ ಬಿಗಿದೆ. ಪಂಪೇ ಕೆಟ್ಟದ್ದು ಬಂದಿದೆ ಎಂಬ ಅನುಮಾನದಲ್ಲಿ ಇನ್ನೊಂದು ಪಂಪ್ ಎರವಲು ತಂದು ಹಾಕಿ ನೋಡಿದೆ. ಎರಡು ದಿನ ಹೋದವು, ಏನೂ ಬದಲಾಗಲಿಲ್ಲ.

ಮೂರನೆಯ ದಿನ ಚಾಚಾ ಬಂದರು. ಎಂಜಿನ್ ಆಫ್ ಮಾಡಿಸಿ, ಮುಂದಿನ ಗಾಲಿ ಎತ್ತಿಸಿ, ಚಾಲಕನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡು ಚಕ್ರವನ್ನು ಅತಿ ನಿಧಾನವಾಗಿ ತಿರುಗಿಸತೊಡಗಿದರು. ಪ್ರತಿ ಸಲ ಭಾರ ಬಂದಾಗ, "ಗುರುತು ಹಾಕು ಬೇಟಾ" ಎನ್ನುತ್ತಿದ್ದರು. ನಾನು ಚಕ್ರದ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಮೂರು ಸುತ್ತು ಆದ ಮೇಲೆ ನೋಡಿದರೆ ಗೆರೆಗಳೆಲ್ಲ ಎರಡೇ ಜಾಗದಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಚಕ್ರದ ಎದುರುಬದುರಿಗೆ. "ಒಂದು ಸುತ್ತಿನಲ್ಲಿ ಎರಡು ಸಲ. ಎಣ್ಣೆಗೆ ಲೆಕ್ಕ ಬರುವುದಿಲ್ಲ. ಇದು ಕ್ರಾಸ್" ಎಂದರು.

ಅದು ಕ್ರಾಸಿನ ಹುಟ್ಟುಗುಣ. ಬಾಗಿದ ಕೋನದಲ್ಲಿ ತಿರುಗುವ ಒಂಟಿ ಕ್ರಾಸ್ ಒಳಗೆ ಹೋದ ವೇಗವನ್ನು ಹಾಗೆಯೇ ಹೊರಗೆ ಕೊಡುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಕೋನ 30 ಡಿಗ್ರಿ ಇದ್ದರೆ ಮುಂದೋಡುವಿಕೆ ಸುಮಾರು ಶೇಕಡಾ 15, ಹಿಂದುಳಿಯುವಿಕೆ ಶೇಕಡಾ 13. ಆ ಏರುಪೇರೇ ಕೈಗೆ ಭಾರ, ಹಗುರವಾಗಿ ಬರುತ್ತದೆ. ಎರಡು ಕ್ರಾಸ್ ಹಾಕಿ, ಎರಡರ ಕೋನವನ್ನೂ ಸಮವಾಗಿಟ್ಟು, ನಡುವಿನ ಶಾಫ್ಟಿನ ತುದಿಗಳಲ್ಲಿ ಕ್ರಾಸನ್ನು ಹಿಡಿದಿರುವ ಎರಡು ಕವಲುಗಳನ್ನು ಸರಿಯಾಗಿ ಎದುರುಬದುರು ಹೊಂದಿಸಿದರೆ ಒಂದರ ತಪ್ಪನ್ನು ಇನ್ನೊಂದು ನುಂಗುತ್ತದೆ. ನನ್ನ ಕೋನಗಳನ್ನು ಮೊಬೈಲಿನ ಮಟ್ಟ ನೋಡುವ ಆ್ಯಪ್ ಇಟ್ಟು ಅಳೆದೆ: ಕೆಳಗೆ 30, ಮೇಲೆ 28. ಹತ್ತಿರ ಹತ್ತಿರ ಸಮವೇ. ಹಾಗಾದರೆ ಕವಲುಗಳು?

ನೆಲದ ಮೇಲೆ ಕುಳಿತು ಟಾರ್ಚ್ ಹಿಡಿದು ನೋಡಿದೆ. ಶಾಫ್ಟಿನ ಮೇಲಿನ ಕವಲಿಗೂ ಕೆಳಗಿನ ಕವಲಿಗೂ ಒಂದು ತಿರುಚು ಇತ್ತು. ಅಳೆದರೆ ಸುಮಾರು 30 ಡಿಗ್ರಿ. ಗುಜರಿಯಿಂದ ತಂದದ್ದನ್ನು ನಾನು ಬಿಚ್ಚದೆ ಹಾಗೆಯೇ ಹಾಕಿದ್ದೆ, ಕಂಪನಿ ಜೋಡಿಸಿದ್ದು ಸರಿಯೇ ಇರಬೇಕು ಎಂಬ ನಂಬಿಕೆಯಿಂದ. ಅದು ಸರಿಯೇ ಇತ್ತು, ಆ ಪಿಕಪ್ಪಿಗೆ. ಅಲ್ಲಿ ಬಾಕ್ಸ್ ಒಂದು ಪಕ್ಕಕ್ಕೆ, ಕಾಲಮ್ ಇನ್ನೊಂದು ಪಕ್ಕಕ್ಕೆ ಇರುವುದರಿಂದ ಎರಡು ಬಾಗುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತವೆ. ಅದನ್ನು ಸರಿದೂಗಿಸಲೆಂದೇ ಆ ತಿರುಚು. ನಮ್ಮ ಜೀಪಿನಲ್ಲಿ ಬಾಗುಗಳು ಯಾವ ದಿಕ್ಕಿಗಿವೆ ಎಂದು ನೋಡಬೇಕಿತ್ತು.

ಅದಕ್ಕೆ ಶಹಾಬಾದಿ ಕಲ್ಲಿನ ನೆಲವೇ ಒದಗಿತು. ಬಾಕ್ಸಿನ ಶಾಫ್ಟ್, ಕೆಳಗಿನ ಕ್ರಾಸ್, ಮೇಲಿನ ಕ್ರಾಸ್, ಕಾಲಮ್ಮಿನ ಮೇಲ್ತುದಿ, ಈ ನಾಲ್ಕು ಕಡೆಯಿಂದ ಗಾರೆಯವರ ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟು, ಅದು ತೋರಿದ ಕಡೆ ಕಲ್ಲಿನ ಮೇಲೆ ಚುಕ್ಕೆ ಇಟ್ಟೆ. ನಾಲ್ಕೂ ಚುಕ್ಕೆಗಳ ಮೇಲೆ ಸುಣ್ಣದ ದಾರ ಹಿಡಿದು ಚಿಮ್ಮಿಸಿದಾಗ ಬಿಳಿ ಗೆರೆ ಹೆಚ್ಚುಕಡಿಮೆ ನಾಲ್ಕನ್ನೂ ಹಾಯ್ದು ಹೋಯಿತು. ಒಂದು ಮಾತ್ರ ನಾಲ್ಕು ಮಿಲಿಮೀಟರ್ ಪಕ್ಕಕ್ಕಿತ್ತು. ಅಂದರೆ ಎರಡೂ ಬಾಗುಗಳು ಒಂದೇ ನೇರದಲ್ಲಿವೆ. ತಿರುಚು ಇಲ್ಲಿ ಬೇಡವೇ ಬೇಡ. 30 ಡಿಗ್ರಿ ತಿರುಚಿನಿಂದ ಎರಡು ಕ್ರಾಸ್ ಇದ್ದೂ ನಮಗೆ ಒಂಟಿ ಕ್ರಾಸಿನಷ್ಟೇ ಏರುಪೇರು ಬರುತ್ತಿತ್ತು.

ಜಾರುವ ಸ್ಪ್ಲೈನಿನಲ್ಲಿ 36 ಹಲ್ಲು, ಒಂದಕ್ಕೆ 10 ಡಿಗ್ರಿ. ಶಾಫ್ಟನ್ನು ಎಳೆದು ಮೂರು ಹಲ್ಲು ಹಿಂದಕ್ಕೆ ತಿರುಗಿಸಿ ಕೂರಿಸಿದೆ. ಎರಡು ಕವಲುಗಳ ಮೇಲೆ ಸಪಾಟಾದ ಪಟ್ಟಿ ಇಟ್ಟು ನೋಡಿದರೆ ಈಗ ಒಂದೇ ಮಟ್ಟ. ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಚಾಚಾ ಮತ್ತೆ ಕಣ್ಣು ಮುಚ್ಚಿ ಚಕ್ರ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು, ಮೂರೂ ಮುಕ್ಕಾಲು. ಈ ಸಲ ಗುರುತು ಹಾಕು ಎನ್ನಲಿಲ್ಲ. ಅವ್ವ ಸುಸಲಾ, ಮಿರ್ಚಿ ಭಜಿ ತಂದಿಟ್ಟಾಗಲೂ ಅವರ ಕೈ ಚಕ್ರದ ಮೇಲೆಯೇ ಇತ್ತು.

ರಸ್ತೆಗೆ

ಕೊನೆಯಿಂದ ಕೊನೆಗೆ ಮೂರೂ ಮುಕ್ಕಾಲು ಸುತ್ತು. ಅದರ ಅರ್ಧಕ್ಕೆ ಬಾಕ್ಸನ್ನು ನಿಲ್ಲಿಸಿ, ಗಾಲಿ ನೇರ ಮಾಡಿ, ಡ್ರ್ಯಾಗ್ ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಿ, ಎಲ್ಲಕ್ಕಿಂತ ಕೊನೆಗೆ ಚಕ್ರವನ್ನು ನೇರ ಕೂರಿಸಿದೆ. ಚಕ್ರ ಓರೆ ಕಂಡಿತೆಂದು ಚಕ್ರವನ್ನಷ್ಟೇ ಬಿಚ್ಚಿ ನೇರ ಮಾಡಿದರೆ ಬಾಕ್ಸಿನ ನಡು ತಪ್ಪುತ್ತದೆ. ನಡುವಿನಲ್ಲಿ ಬಾಕ್ಸ್ ಅತ್ಯಂತ ಬಿಗಿ, ಪಕ್ಕಕ್ಕೆ ಸರಿದಂತೆ ಆಟ ಹೆಚ್ಚು.

ಫರಹತಾಬಾದಿನಿಂದ ಕಟ್ಟಿ ಸಂಗಾವಿಯ ಭೀಮಾ ಸೇತುವೆಯವರೆಗೆ ಹೋಗಿ ಬಂದೆವು. ತಿರುವಿನಿಂದ ಹೊರಬಂದಾಗ ಚಕ್ರ ತಾನಾಗಿ ಹಿಂತಿರುಗುವುದು ಹಳೆಯದಕ್ಕಿಂತ ನಿಧಾನ, ಕೈ ಜೊತೆ ಕೊಡಬೇಕು. ಮುಂದಿನ ಗಾಲಿಗಳು ತಿರುಗುವ ಕೀಲುಗಳಾದ ಕಿಂಗ್ ಪಿನ್ನುಗಳಿಗೆ ಗ್ರೀಸ್ ಹೊಡೆದ ಮೇಲೆ ಅದು ಅರ್ಧ ಸರಿಹೋಯಿತು, ಉಳಿದರ್ಧಕ್ಕೆ ಮುಂದಿನ ಆಕ್ಸಲ್ಲಿನ ಓರೆ ಕೋನವನ್ನು ಅಳೆಸಬೇಕಿದೆ. ಹಾರ್ನಿನ ತಿರುಗುವ ಸಂಪರ್ಕದಲ್ಲಿ ಎಡ ತಿರುವಿನಲ್ಲಿ ಮಾತ್ರ ತೊಂದರೆ ಇತ್ತು, ತಾಮ್ರದ ಪಟ್ಟಿಯನ್ನು ಉಜ್ಜಿ ಸರಿ ಮಾಡಿದೆ. ವಿಮೆ ಕಂಪನಿಗೆ ಬದಲಾವಣೆಯನ್ನು ಬರೆದು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ನೋಂದಣಿ ನವೀಕರಣದ ತಪಾಸಣೆಗೆ ಹೋದಾಗ ಹಳೆಯ ಸರಳು, ಹೊಸ ಕಾಲಮ್, ವೆಲ್ಡ್ ಎಲ್ಲೆಲ್ಲಿ ಇದೆ ಎಲ್ಲಿ ಇಲ್ಲ ಎಂಬ ಫೋಟೋಗಳನ್ನು ಒಯ್ದು ಇನ್‌ಸ್ಪೆಕ್ಟರಿಗೆ ತೋರಿಸಿದೆ. ಎಂಜಿನ್, ಚಾಸಿ ಸಂಖ್ಯೆ, ಆಸನ, ಆರ್‌ಸಿಯಲ್ಲಿ ಬರೆದ ಯಾವುದೂ ಬದಲಾಗಿಲ್ಲ. ಹೀಗಿದ್ದರೂ ಸ್ಟೀರಿಂಗಿಗೆ ಕೈ ಹಾಕುವವರು ಮೊದಲೇ ಹೋಗಿ ಕೇಳುವುದು ಒಳ್ಳೆಯದು. ನಾನು ಕೆಲಸ ಶುರು ಮಾಡುವ ಮುನ್ನವೇ ಒಮ್ಮೆ ಹೋಗಿ ಬಂದಿದ್ದೆ.

100 ಕಿಲೋಮೀಟರ್ ಆದಾಗ ಒಮ್ಮೆ, 500 ಆದಾಗ ಒಮ್ಮೆ ಎಲ್ಲ ಬೋಲ್ಟ್‌ಗಳನ್ನೂ ನೋಡಿದೆ. ಬಾಕ್ಸಿನ ಒಂದು ಬೋಲ್ಟ್ ಮೊದಲ ಸಲ ಕಾಲು ಸುತ್ತು ಬಿಗಿಯಿತು, ಆಮೇಲೆ ಇಲ್ಲ.

ಮೊನ್ನೆ ಸೆಪ್ಟೆಂಬರಿನಲ್ಲಿ ಹೆಸರುಕಾಳು ಹಾಕಲು ಅಪ್ಪನೇ ಗಂಜಿಗೆ ಓಡಿಸಿಕೊಂಡು ಹೋದರು, ನಾನು ಪಕ್ಕದಲ್ಲಿ. ಅದೇ ಇಕ್ಕಟ್ಟು, ಅದೇ ಕೈಗಾಡಿಗಳು. ಎಡಗೈಯನ್ನು ಚಕ್ರದ ಮೇಲಿಟ್ಟು, ಬಲಗೈಯನ್ನು ಸೊಂಟದ ಮಟ್ಟಕ್ಕಿಂತ ಮೇಲೆ ಎತ್ತದೆ, ಮೂರು ಸಲ ಹಿಂದೆ ಮುಂದೆ ಮಾಡಿ ಜೀಪನ್ನು ದುಕಾನಿನ ಕಟ್ಟೆಗೆ ಹಚ್ಚಿದರು. ರಾತ್ರಿ ಮನೆಗೆ ಬಂದ ಮೇಲೆ ಟಾರ್ಚ್ ಹಿಡಿದು ಕಾಲಡಿಯ ತಗಡು ಎತ್ತಿ ನೋಡಿದೆ. ಎರಡೂ ಕ್ರಾಸಿನ ಮೇಲಿನ ಹಳದಿ ಗೆರೆಗಳು ಕೂದಲೆಳೆಯಷ್ಟೂ ಕದಲದೆ ನೇರವಾಗಿದ್ದವು. ಕೆಳಗಿನ ಕ್ರಾಸಿಗೆ ಎರಿಮಣ್ಣು ಮೆತ್ತಿತ್ತು. ಒರೆಸಿ ತಗಡು ಮುಚ್ಚಿದೆ. ಅದಕ್ಕೊಂದು ರಬ್ಬರಿನ ಮುಸುಕು ಮಾಡಬೇಕು, ತೊಗರಿ ರಾಶಿಗೆ ಮುಂಚೆ.